ಕುಳಿತು ಮಾಡುವ ಕೆಲಸ

ನನಗೆ ಸರ್ಕಾರಿ ನೌಕರಿಯ ಆದೇಶ ಬಂದದ್ದು 1982ರ ಮಳೆಗಾಲದಲ್ಲಿ. ಕೃಷ್ಣರಾಜನಗರದ ಒಂದು ಕಚೇರಿಗೆ ದ್ವಿತೀಯ ದರ್ಜೆ ಗುಮಾಸ್ತೆಯಾಗಿ ಸೇರಬೇಕಿತ್ತು. ಅಪ್ಪ ಆ ಕಾಗದವನ್ನು ದೇವರ ಮುಂದಿಟ್ಟು, ಆಮೇಲೆ ಜಗುಲಿಯ ಮೇಲೆ ಕೂತಿದ್ದ ಅಜ್ಜಿಗೆ ಓದಿ ಹೇಳಿದರು. ಸಂಬಳ ಎಷ್ಟು, ಊರು ಎಷ್ಟು ದೂರ ಎಂದು ಅಜ್ಜಿ ಕೇಳಲಿಲ್ಲ. “ಕುಂತ್ಕಂಡ್ ಮಾಡೋ ಕೆಲ್ಸ ತಾನೆ? ಹಂಗಾದ್ರೆ ಸರಿ ಬುಡು” ಎಂದು ಎಲೆಯಡಿಕೆ ಬಾಯಿಗೆ ಹಾಕಿಕೊಂಡರು. ಮುಂದೆ ಮೂವತ್ತೈದು ವರ್ಷ ಕೆ.ಆರ್. ನಗರ, ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣ ಎಂದು ಈ ನಾಲ್ಕು ತಾಲ್ಲೂಕುಗಳಲ್ಲೇ ವರ್ಗವಾಗುತ್ತ ತಿರುಗಿದೆ. ಹೋದಲ್ಲೆಲ್ಲ ಯಾರಾದರೊಬ್ಬರು ಅಜ್ಜಿಯ ಮಾತನ್ನೇ ಹೇಳಿದರು. ಕಡೆಗೆ ಒಂದು ಸಲ ನಾನೇ ಇನ್ನೊಬ್ಬಳಿಗೆ ಅದನ್ನು ಹೇಳಿದೆ. ಅದನ್ನು ಬರೆಯುವ ಮೊದಲು ಸ್ವಲ್ಪ ಹಿಂದಿನಿಂದ ಬರಬೇಕು.

ನಾನು ಹುಟ್ಟಿದ್ದು 1957ರಲ್ಲಿ, ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಅಪ್ಪ ಪ್ರಾಥಮಿಕ ಶಾಲೆಯ ಮೇಷ್ಟರು. ಎರಡನೆಯ ವರ್ಷದಲ್ಲಿ ಬಂದ ಜ್ವರ ಮೂರು ದಿನಕ್ಕೆ ಬಿಟ್ಟಿತು. ಆದರೆ ಎಡಗಾಲು ಏಳಲಿಲ್ಲ. ಪೋಲಿಯೊ ಎಂಬ ಹೆಸರೇ ಆಗ ನಮ್ಮೂರಿಗೆ ಬಂದಿರಲಿಲ್ಲ, ಇನ್ನು ಲಸಿಕೆಯ ಮಾತೆಲ್ಲಿ? ಒಂದೇ ದಿನ ದೇಶದ ಮಕ್ಕಳಿಗೆಲ್ಲ ಹನಿ ಹಾಕಿಸುವ ಪಲ್ಸ್ ಪೋಲಿಯೊ ಕಾರ್ಯಕ್ರಮ ಶುರುವಾದದ್ದು 1995ರಲ್ಲಿ. ವೈಲ್ಡ್ ಪೋಲಿಯೊ ವೈರಸ್ಸಿನ ಕೊನೆಯ ಪ್ರಕರಣ ಭಾರತದಲ್ಲಿ ದಾಖಲಾದದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದಲ್ಲಿ. ಇವತ್ತಿನ ಹುಡುಗಿಯರು ಕ್ಯಾಲಿಪರ್ ಹಾಕಿಕೊಂಡ ಹೆಂಗಸನ್ನು ಕಂಡು ಅಪಘಾತವಾಯಿತೇ ಎಂದು ಕೇಳುತ್ತಾರೆ. ನಮ್ಮ ಕಾಲದಲ್ಲಿ ಯಾರೂ ಕೇಳುತ್ತಿರಲಿಲ್ಲ. ಊರಿಗೆ ಒಬ್ಬಿಬ್ಬರು ಇದ್ದೇ ಇರುತ್ತಿದ್ದೆವು.

ಮನೆಯಲ್ಲಿ ನಾನು ಮಾಡದ ಕೆಲಸ ಯಾವುದಿತ್ತು? ಈಳಿಗೆಮಣೆ ಎಳೆದುಕೊಂಡು ಸಾರಿಗೆ ಹೆಚ್ಚುತ್ತಿದ್ದೆ, ಒರಳಿನಲ್ಲಿ ರುಬ್ಬುತ್ತಿದ್ದೆ, ಬೀಸುವ ಕಲ್ಲಿನ ಪಕ್ಕಕ್ಕೆ ಎಡಗಾಲು ಚಾಚಿಕೊಂಡು ರಾಗಿ ಬೀಸುತ್ತಿದ್ದೆ. ಹಿತ್ತಲಲ್ಲಿ ಮುಸುರೆ ತಿಕ್ಕುತ್ತಿದ್ದೆ. ತಮ್ಮಂದಿರಿಬ್ಬರನ್ನು ಸೊಂಟಕ್ಕೆ ಏರಿಸಿಕೊಳ್ಳಲಾಗದಿದ್ದರೂ ತೊಟ್ಟಿಲು ತೂಗಿ ದೊಡ್ಡವರನ್ನಾಗಿ ಮಾಡಿದೆ. ಇದಕ್ಕೆಲ್ಲ ನಾನು ಅರ್ಹಳೇ ಎಂದು ಯಾರೂ ವೈದ್ಯರ ಚೀಟಿ ಕೇಳಲಿಲ್ಲ. ನೌಕರಿ ಎಂದ ಕೂಡಲೇ ಚೀಟಿ ಬೇಕಾಯಿತು. ಒಬ್ಬ ವೈದ್ಯರು ನನ್ನನ್ನು ಕೋಣೆಯ ಈ ತುದಿಯಿಂದ ಆ ತುದಿಗೆ ನಡೆಸಿ, ಟೇಪು ಹಿಡಿದು ಎರಡು ಕಾಲುಗಳನ್ನೂ ಅಳೆದು, ಶೇಕಡ ಇಷ್ಟು ಎಂದು ಬರೆದುಕೊಟ್ಟರು. ಹೊರಗೆ ಕಾಯುತ್ತಿದ್ದ ಅಮ್ಮ, “ನಂಬರು ಚೆನ್ನಾಗಿ ಬಂತೇನೇ?” ಎಂದು ಕೇಳಿದಳು. ಪರೀಕ್ಷೆಯೆಂದ ಮೇಲೆ ನಂಬರು ಜಾಸ್ತಿ ಬಂದರೆ ಒಳ್ಳೆಯದು ಎಂದು ಪಾಪ ಅವಳ ಲೆಕ್ಕ. ಆ ಒಂದು ವಿಷಯದಲ್ಲಿ ಅವಳ ಲೆಕ್ಕ ಸರಿಯಾಗಿಯೇ ಇತ್ತು.

ನಿವೃತ್ತಿಯಾದ ಮೇಲೆ ನನಗೆ ಒಂದು ಹುಚ್ಚು ಹಿಡಿಯಿತು. ನಮ್ಮಂಥವರು ನಮಗಿಂತ ಮುಂಚೆ ಏನು ಮಾಡಿಕೊಂಡಿದ್ದರು ಎಂದು ಹುಡುಕುವ ಹುಚ್ಚು. ಹಳೆಯ ಜನಗಣತಿಯ ಕ್ರಮ ನೋಡಿದೆ. 1931ರವರೆಗೆ ಪ್ರತಿ ಹತ್ತು ವರ್ಷಕ್ಕೊಮ್ಮೆ ನಾಲ್ಕು ಬಗೆಯವರನ್ನು ಬೇರೆಯಾಗಿ ಎಣಿಸುತ್ತಿದ್ದರು: ಹುಚ್ಚರು, ಕಿವುಡು-ಮೂಗರು, ಕುರುಡರು, ಕುಷ್ಠರೋಗಿಗಳು. ಕಾಲಿಲ್ಲದವರು, ಕೈಯಿಲ್ಲದವರು ಆ ಪಟ್ಟಿಯಲ್ಲೇ ಇಲ್ಲ! ನಂತರ ಐವತ್ತು ವರ್ಷ ಯಾರನ್ನೂ ಎಣಿಸಲಿಲ್ಲ. 1981ರಲ್ಲಿ ಮತ್ತೆ ಕೇಳಿದಾಗ ಪೂರ್ತಿ ಕುರುಡರು, ಪೂರ್ತಿ ಮೂಗರು, ಪೂರ್ತಿ ಅಂಗವಿಕಲರು ಎಂದು ಮೂರೇ ಬಗೆ. ಆ ಸಲ ನಮ್ಮ ಮನೆಗೆ ಗಣತಿಗೆ ಬಂದವರು ಅಪ್ಪನ ಸ್ನೇಹಿತರೇ ಆದ ಒಬ್ಬ ಮೇಷ್ಟರು. ನಾನು ಎದ್ದು ಹೋಗಿ ಕಾಫಿ ತಂದುಕೊಟ್ಟೆ. ಲೋಟ ಕೈಗೆ ತೆಗೆದುಕೊಂಡು, “ಇವಳನ್ನ ಪೂರ್ತಿ ಅಂತ ಹೆಂಗೆ ಬರೆಯೋದು ಮೇಷ್ಟ್ರೇ, ಕಾಫಿ ತಂದುಬಿಟ್ಟಳಲ್ಲ!” ಎಂದು ನಕ್ಕರು. ಬರೆದರೋ ಬಿಟ್ಟರೋ ತಿಳಿಯದು. 1991ರಲ್ಲಿ ಆ ಪ್ರಶ್ನೆಯನ್ನೇ ಕೈಬಿಟ್ಟರು. 2001ರಲ್ಲಿ ಐದು ಬಗೆ, 2011ರಲ್ಲಿ ಎಂಟು ಬಗೆ ಕೇಳಿದರು. 2011ರ ಲೆಕ್ಕದಲ್ಲಿ ಕರ್ನಾಟಕದಲ್ಲಿ ನಾವು 13 ಲಕ್ಷದ 24 ಸಾವಿರ ಜನ ಇದ್ದೆವು.

ಎಣಿಕೆ ಹೀಗಿದ್ದರೂ ಕಲಿಸುವ ಕೆಲಸವನ್ನು ಮೈಸೂರಿನಲ್ಲಿ ಬಹಳ ಮೊದಲೇ ಒಬ್ಬರು ಶುರು ಮಾಡಿದ್ದರು. ಎಂ. ಶ್ರೀನಿವಾಸರಾಯರು 1901ರಲ್ಲಿ ಮೈಸೂರಿನಲ್ಲಿ ಕುರುಡು ಮತ್ತು ಕಿವುಡು ಮಕ್ಕಳಿಗೆ ಶಾಲೆ ತೆರೆದರು. ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಅಧಿಕಾರ ವಹಿಸಿಕೊಂಡಿರಲಿಲ್ಲ. ರಾಜ್ಯಭಾರ ಮಾಡುತ್ತಿದ್ದವರು ಅವರ ತಾಯಿ, ವಾಣೀವಿಲಾಸ ಸನ್ನಿಧಾನದವರು. ಭಾರತದಲ್ಲಿ ಅಂಧ ಮಕ್ಕಳ ಮೊದಲ ಶಾಲೆ 1887ರಲ್ಲಿ ಅಮೃತಸರದಲ್ಲಿ ಶುರುವಾಗಿತ್ತು. ಅದಾದ ಹದಿನಾಲ್ಕೇ ವರ್ಷಕ್ಕೆ ನಮ್ಮ ಮೈಸೂರಿಗೆ ಒಂದು ಬಂತು ಎಂಬುದು ಸಣ್ಣ ಮಾತಲ್ಲ. ಅದೇ ಇವತ್ತು ತಿಲಕನಗರದಲ್ಲಿರುವ ಸರ್ಕಾರಿ ಶಾಲೆ. ಆಗ ಭಾರತೀಯ ಭಾಷೆಗಳಿಗೆಲ್ಲ ಸೇರಿ ಒಂದು ಬ್ರೈಲ್ ಕ್ರಮವೂ ಇರಲಿಲ್ಲ. ಒಂದೊಂದು ಕಡೆ ಒಂದೊಂದು ಪದ್ಧತಿ. ಭಾರತಿ ಬ್ರೈಲ್ ಎಂಬ ಸಮಾನ ಲಿಪಿ ಗೊತ್ತಾದದ್ದು 1951ರಲ್ಲಿ. ಓದು ಮುಗಿದ ಮೇಲೆ ಮಾಡುವುದೇನು ಎಂಬುದಕ್ಕೆ ಮಾತ್ರ ಇಂಥ ಶಾಲೆಗಳಲ್ಲಿ ದೇಶದಾದ್ಯಂತ ಹೆಚ್ಚುಕಡಿಮೆ ಒಂದೇ ಉತ್ತರ ಇತ್ತು. ಕಣ್ಣಿಲ್ಲದವರಿಗೆ ಸಂಗೀತ, ಬೆತ್ತದ ಕುರ್ಚಿ ಹೆಣೆಯುವುದು, ನೇಯ್ಗೆ. ಕಿವಿ ಕೇಳದವರಿಗೆ ಹೊಲಿಗೆ, ಬಡಗಿ ಕೆಲಸ. ಯಾವ ಅಂಗ ಇಲ್ಲ ಎಂದು ನೋಡಿ ಕಸುಬು ಕೊಡುವುದು. ಮಗುವಿಗೆ ಯಾವುದರಲ್ಲಿ ಮನಸ್ಸಿದೆ ಎಂದು ಕೇಳುವಷ್ಟು ಪುರುಸೊತ್ತು ಬಡ ದೇಶಕ್ಕೆ ಇರಲಿಲ್ಲವೇನೋ.

ಇದನ್ನು ನನಗೆ ಮನಗಾಣಿಸಿದವರು ಕೆ.ಆರ್. ನಗರದ ಒಬ್ಬ ಗೆಳತಿ. ಆ ಊರನ್ನು ಕಂಡವರಿಗೆ ಗೊತ್ತಿರುತ್ತದೆ, ಬೀದಿಗಳು ಅಗಲವಾಗಿ, ನೇರವಾಗಿ, ಮಟ್ಟಸವಾಗಿವೆ. ಕಾವೇರಿಯ ಪ್ರವಾಹಕ್ಕೆ ಸಿಕ್ಕ ಎಡತೊರೆಯ ಬದಲಿಗೆ ನಾಲ್ವಡಿಯವರ ಕಾಲದಲ್ಲಿ ಹೊಸದಾಗಿ ಕಟ್ಟಿದ ಊರು ಅದು. ಕ್ಯಾಲಿಪರ್ ಹಾಕಿಕೊಂಡು ನಡೆಯುವವರಿಗೆ ಅಂಥ ಬೀದಿ ಎಂದರೆ ಏನೆಂದು ನಡೆದವರಿಗೇ ಗೊತ್ತು! ಇನ್ನೊಂದು ಅನುಕೂಲ, ರೈಲು. ಈ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ರೈಲು ನಿಲ್ದಾಣ ಇರುವುದು ಅದೊಂದಕ್ಕೇ. ಆಗ ಮೈಸೂರು–ಅರಸೀಕೆರೆ ಮೀಟರ್ ಗೇಜ್ ಗಾಡಿ. ಬಸ್ಸಿನ ಎತ್ತರದ ಮೆಟ್ಟಿಲಿಗೆ ಹೆದರಿ ನಾನು ಮೈಸೂರಿಗೆ ರೈಲಿನಲ್ಲೇ ಹೋಗುತ್ತಿದ್ದೆ. ಹಾಗೆ ಒಂದು ದಿನ ನನ್ನ ಎದುರು ಸೀಟಿನಲ್ಲಿ ಕೂತಿದ್ದ ಹೆಂಗಸು ನನ್ನ ಹೆಜ್ಜೆಯ ಸದ್ದು ಕೇಳಿ, “ಕಬ್ಬಿಣ ಯಾವ ಕಾಲಿಗೆ? ಎಡಗಾಲಿಗಲ್ವೇ?” ಎಂದರು. ಅವರಿಗೆ ಹುಟ್ಟಿನಿಂದಲೇ ಕಣ್ಣು ಕಾಣದು. ಮೈಸೂರಿನ ಒಂದು ಬ್ಯಾಂಕಿನಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದರು.

ಅವರ ತಂದೆಗೆ ಮಗಳನ್ನು ಗದಗಕ್ಕೆ ಕಳಿಸುವ ಆಸೆ ಇತ್ತಂತೆ. ವೀರೇಶ್ವರ ಪುಣ್ಯಾಶ್ರಮದ ಹೆಸರು ಕೇಳದ ಕನ್ನಡಿಗರುಂಟೇ? ತಾವೇ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಬೀದಿಗೆ ಬೀಳಬೇಕಿದ್ದ ಎಷ್ಟೋ ಮಕ್ಕಳನ್ನು ಸಂಗೀತಗಾರರನ್ನಾಗಿ, ಕೀರ್ತನಕಾರರನ್ನಾಗಿ ಮಾಡಿ ಅನ್ನದ ದಾರಿ ತೋರಿಸಿದರು. ಪುಟ್ಟರಾಜರು 2010ರಲ್ಲಿ ತೀರಿಕೊಂಡಾಗ ನಾಡೇ ಅತ್ತಿತು. “ಎಲ್ಲಾ ಸರಿ ಕಣ್ರೀ, ಆದರೆ ನನ್ನ ಕಂಠ ಕೇಳಿದರೆ ಕಾಗೆ ಕೂಡ ಹಾರಿಹೋಗುತ್ತೆ” ಎಂದು ಗೆಳತಿ ನಗುತ್ತಿದ್ದರು. ಅವರಿಗೆ ಇಷ್ಟವಿದ್ದದ್ದು ಲೆಕ್ಕ. ಮಗ್ಗಿಯನ್ನು ಹಿಂದುಮುಂದಾಗಿ ಹೇಳುವ ಹುಡುಗಿ. ಕಣ್ಣು ಕಾಣದವರು ಗಣಿತದ ಬದಲು ಬೇರೆ ವಿಷಯ ತೆಗೆದುಕೊಳ್ಳಬಹುದು ಎಂಬ ವಿನಾಯಿತಿ ಇದೆಯೆಂದು ಓದಿಸುವವರು ಅವರ ಕೈಯಿಂದ ಲೆಕ್ಕ ಬಿಡಿಸಿದರು. ಮಕ್ಕಳಿಗೆ ಸುಲಭವಾಗಲಿ ಎಂದೇ ಮಾಡಿದ ನಿಯಮ. “ಬೇಡ ಅನ್ನೋದಕ್ಕೆ ಅನುಮತಿ ಕೊಟ್ಟರು, ಬೇಕು ಅನ್ನೋದಕ್ಕೆ ಅರ್ಜಿ ಫಾರಂ ಇರಲಿಲ್ಲ” ಎನ್ನುತ್ತಿದ್ದರು.

ಬ್ಯಾಂಕಿನ ಆ ಸಣ್ಣ ಕೋಣೆಯಲ್ಲಿ ಅವರ ಲೆಕ್ಕ ಹೇಗೋ ತಲೆಯೆತ್ತಿತು. ಮುನ್ನೂರಕ್ಕೂ ಹೆಚ್ಚು ಟೆಲಿಫೋನ್ ನಂಬರುಗಳು ಅವರ ಬಾಯಲ್ಲಿದ್ದವು. ಮ್ಯಾನೇಜರು ಹೆಸರು ಹೇಳಿ ಮುಗಿಸುವಷ್ಟರಲ್ಲಿ ಆ ಕಡೆ ಗಂಟೆ ಬಾರಿಸುತ್ತಿತ್ತು. ನಂಬರುಗಳನ್ನು ನೆನಪಿಟ್ಟುಕೊಳ್ಳುವ ಅವರ ಕ್ರಮ ವಿಚಿತ್ರ. ಯಾವ ನಂಬರು ಯಾವುದರಿಂದ ಭಾಗವಾಗುತ್ತದೆ ಎಂದು ಗುಂಪು ಮಾಡಿಟ್ಟುಕೊಂಡಿದ್ದರು. ಆಮೇಲೆ ತೊಂಬತ್ತರ ದಶಕ ಬಂತು, ಪ್ರತಿ ಮೇಜಿನ ಮೇಲೂ ನೇರ ಫೋನು ಬಂತು. ಅದರ ಹಿಂದೆಯೇ ಜೇಬಿಗೆ ಮೊಬೈಲ್ ಬಂತು. ಅವರನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ, ಸಂಬಳ ನಿಲ್ಲಿಸಲಿಲ್ಲ. ಆದರೆ ಕೊನೆಯ ಎಂಟು ಹತ್ತು ವರ್ಷ ಸದ್ದೇ ಮಾಡದ ಬೋರ್ಡಿನ ಮುಂದೆ ಕೂತು ಬಂದರು. “ಕೂತು ಮಾಡೋ ಕೆಲಸ ಅಂದಿದ್ದರಲ್ಲ, ಈಗ ಕೂರೋದೇ ಕೆಲಸ” ಎಂದದ್ದು ಅವರೇ. ಕಂಪ್ಯೂಟರಿನ ಪರದೆಯನ್ನು ಓದಿ ಹೇಳುವ ತಂತ್ರಾಂಶ ಹಿಡಿದು ಅಂಧ ಹುಡುಗ ಹುಡುಗಿಯರು ಬ್ಯಾಂಕುಗಳಲ್ಲಿ ಅಧಿಕಾರಿಗಳಾಗಿ ಬರತೊಡಗಿದ್ದನ್ನು ಅವರು ನಿವೃತ್ತಿಯ ಅಂಚಿನಲ್ಲಿ ಕೇಳಿದರು. ಸಂತೋಷಪಟ್ಟರು. ಅಂದು ರಾತ್ರಿ ಊಟ ಮಾಡಲಿಲ್ಲ ಎಂದು ಅವರ ಅತ್ತಿಗೆ ನನಗೆ ಹೇಳಿದರು.

ನನ್ನ ಕಥೆ ಅಷ್ಟು ದೊಡ್ಡದಲ್ಲ. ನಾನಿದ್ದ ಕಚೇರಿಗಳಲ್ಲಿ ಒಂದು, ಯಾವ ಊರು ಯಾವ ಇಲಾಖೆ ಎಂದು ಹೇಳುವುದು ಬೇಡ, ಹಳೆಯ ಕಟ್ಟಡದ ಮಹಡಿಯಲ್ಲಿತ್ತು. ಇಪ್ಪತ್ತೆರಡು ಮೆಟ್ಟಿಲು. ಅದನ್ನು ಹತ್ತುವುದು ನನಗೆ ಕಷ್ಟವಾದರೂ ಆಗುತ್ತಿತ್ತು. ಆಗದಿದ್ದದ್ದು ಬೇರೆ. ಹೆಂಗಸರಿಗೆ ಇದ್ದ ಒಂದೇ ಒಂದು ಶೌಚಾಲಯ ಕೆಳಗೆ, ಹಿತ್ತಲಲ್ಲಿ, ಕುಕ್ಕರಗಾಲಲ್ಲಿ ಕೂರುವಂಥದ್ದು. ಮೊಣಕಾಲು ಮಡಿಸದ ಕಬ್ಬಿಣ ಹಾಕಿಕೊಂಡವಳು ಅಲ್ಲಿ ಕೂರುವುದು ಹೇಗೆ? ಬೆಳಿಗ್ಗೆ ಏಳಕ್ಕೆ ಅರ್ಧ ಲೋಟ ಕಾಫಿ ಕುಡಿದರೆ ಸಂಜೆ ಆರರವರೆಗೆ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ನಾಲ್ಕು ವರ್ಷ ಹಾಗೆ ಕಳೆದೆ. ಮೂತ್ರಕೋಶದ ಸೋಂಕು ನನಗೆ ಅಲ್ಲಿಂದಲೇ ಗಂಟುಬಿದ್ದದ್ದು. ಕಚೇರಿಯಲ್ಲಿದ್ದವರೆಲ್ಲ ಒಳ್ಳೆಯವರೇ; ಫೈಲು ಎತ್ತಿಕೊಡುತ್ತಿದ್ದರು, ಕುರ್ಚಿ ಎಳೆದುಕೊಡುತ್ತಿದ್ದರು. ಇದನ್ನು ಮಾತ್ರ ಯಾರಿಗೆ ಹೇಳುವುದು? ಗಂಡಸರೇ ತುಂಬಿದ್ದ ಕಚೇರಿಯಲ್ಲಿ ಬಾಯಿಬಿಟ್ಟು ಹೇಳುವ ಮಾತೇ ಅದು? ಪ್ರಥಮ ದರ್ಜೆಗೆ ಬಡ್ತಿ ಬಂದಾಗ ಹೋಗಬೇಕಾದ ಕಚೇರಿಯನ್ನು ಮೊದಲು ಹೋಗಿ ನೋಡಿಕೊಂಡು ಬಂದೆ. ಅಲ್ಲಿಯೂ ಅದೇ ಸ್ಥಿತಿ. ಕೌಟುಂಬಿಕ ಕಾರಣದಿಂದ ಬಡ್ತಿ ಬೇಡ ಎಂದು ಬರೆದುಕೊಟ್ಟೆ. ಎರಡನೆಯ ಸಲವೂ ಹಾಗೇ ಮಾಡಿದೆ. ಆ ಅರ್ಜಿಯಲ್ಲಿ ನಿಜವಾದ ಕಾರಣ ಬರೆಯಲಿಲ್ಲ ಎಂಬುದನ್ನು ಇವತ್ತು ಬರೆಯುತ್ತಿದ್ದೇನೆ. ಈಗ ಬರುವ ಪಿಂಚಣಿಯಲ್ಲಿ ಆ ಎರಡು ಕಾಗದಗಳ ಬೆಲೆ ಪ್ರತಿ ತಿಂಗಳೂ ಕಾಣುತ್ತದೆ.

ಕಾನೂನು ಬಾರದೇ ಇರಲಿಲ್ಲ. ಕೇಂದ್ರ ಸರ್ಕಾರ 1977ರಲ್ಲಿ ಸಿ ಮತ್ತು ಡಿ ಗುಂಪಿನ ಹುದ್ದೆಗಳಲ್ಲಿ ಶೇಕಡ 3 ಮೀಸಲಿಟ್ಟಿತು. 1995ರ ಕಾಯ್ದೆ ಅದನ್ನು ಎಲ್ಲ ಗುಂಪುಗಳಿಗೂ ವಿಸ್ತರಿಸಿತು. ನಮ್ಮ ರಾಜ್ಯ 2005ರ ಆದೇಶದಲ್ಲಿ ಎ ಮತ್ತು ಬಿ ಗುಂಪಿಗೆ ಶೇಕಡ 3, ಸಿ ಮತ್ತು ಡಿ ಗುಂಪಿಗೆ ಶೇಕಡ 5 ಎಂದಿತು. 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿ, ಕೇಂದ್ರದ ಮೀಸಲಾತಿಯನ್ನು ಶೇಕಡ 4 ಮಾಡಿತು. ಮೆಟ್ಟಿಲು, ಶೌಚಾಲಯದ ಮಾತನ್ನೂ ಎತ್ತಿತು. ಅದು ಜಾರಿಗೆ ಬಂದ 2017ರಲ್ಲೇ ನಾನು ನಿವೃತ್ತಳಾದೆ! ಈ ಕಾಯ್ದೆಗಳ ಬೆನ್ನಿಗೆ ‘ಗುರುತಿಸಿದ ಹುದ್ದೆಗಳು’ ಎಂಬ ಒಂದು ಪಟ್ಟಿ ಇರುತ್ತದೆ. ಕಂಡಿದ್ದೀರಾ? ಒಂದೊಂದು ಹುದ್ದೆಯ ಮುಂದೆಯೂ ಕೂರಬೇಕೇ, ನಿಲ್ಲಬೇಕೇ, ನಡೆಯಬೇಕೇ, ಬಗ್ಗಬೇಕೇ, ಭಾರ ಎತ್ತಬೇಕೇ, ನೋಡಬೇಕೇ, ಕೇಳಬೇಕೇ ಎಂದು ಅಕ್ಷರಗಳಲ್ಲಿ ಬರೆದು, ಒಂದು ಕಾಲಿನವರು ಆಗಬಹುದು, ಎರಡೂ ಕಾಲಿಲ್ಲದವರು ಆಗದು ಎಂದು ಗೊತ್ತುಮಾಡಿರುತ್ತಾರೆ. ಇಂಥದೊಂದು ಪಟ್ಟಿಯನ್ನು ಅಡುಗೆಮನೆಗೂ ಮಾಡಿದ್ದರೆ ನಿಲ್ಲುವುದು, ಬಗ್ಗುವುದು, ಭಾರ ಎತ್ತುವುದು, ಬೆಂಕಿಯ ಮುಂದೆ ಇರುವುದು ಎಲ್ಲ ಬರೆದು ನಮ್ಮನ್ನು ಅನರ್ಹರೆಂದು ಹೊರಗೆ ಕೂರಿಸಬೇಕಾಗುತ್ತಿತ್ತು. ಪುಣ್ಯಕ್ಕೆ ಯಾರೂ ಮಾಡಲಿಲ್ಲ, ಮನೆಯವರ ಪುಣ್ಯಕ್ಕೆ.

ಪಟ್ಟಿಯಲ್ಲಿರುವುದನ್ನು ಕೋರ್ಟಿಗೆ ಹೋಗಿ ಪ್ರಶ್ನಿಸಿದವರೂ ಇದ್ದಾರೆ. ಅಂಧರು ಬ್ರೈಲಿನಲ್ಲಿ ಅಥವಾ ಬರೆಯುವವರ ಸಹಾಯದಿಂದ ನಾಗರಿಕ ಸೇವೆಯ ಪರೀಕ್ಷೆ ಬರೆಯಲು ಸುಪ್ರೀಂ ಕೋರ್ಟು ದಾರಿಮಾಡಿಕೊಟ್ಟದ್ದು 1993ರಲ್ಲಿ. ಕಣ್ಣು ಕಾಣದು ಎಂಬ ಒಂದೇ ಕಾರಣಕ್ಕೆ ನ್ಯಾಯಾಧೀಶರ ಹುದ್ದೆಯ ಆಯ್ಕೆಯಿಂದ ಹೊರಗಿಡಬಾರದು ಎಂದು ಅದೇ ಕೋರ್ಟು ಹೇಳಿದ್ದು 2025ರ ಮಾರ್ಚಿನಲ್ಲಿ. ನಡುವೆ ಮೂವತ್ತೆರಡು ವರ್ಷ. ಕೆ.ಆರ್. ನಗರದ ನನ್ನ ಗೆಳತಿಗೆ ಫೋನು ಮಾಡಿ ಓದಿ ಹೇಳಿದೆ. “ನನಗೆ ಲಾಯರಿಕೆ ಬೇಡ ಕಣ್ರೀ, ಲೆಕ್ಕದ ಮೇಷ್ಟ್ರ ಕೆಲಸ ಇದ್ದರೆ ಹೇಳಿ” ಎಂದರು. ಎಪ್ಪತ್ತು ದಾಟಿದೆ ಅವರಿಗೆ.

ಹುಣಸೂರಿಗೆ ವರ್ಗವಾಗಿ ಬಂದದ್ದು ತೊಂಬತ್ತರ ದಶಕದ ನಡುವೆ. ನೆನಪಿದೆಯೇ ಆ ಕಾಲದ ಹಳದಿ ಬೋರ್ಡುಗಳು, ಎಸ್‌ಟಿಡಿ, ಐಎಸ್‌ಡಿ, ಪಿಸಿಓ? ಬೂತುಗಳನ್ನು ಹಂಚುವಾಗ ಅಂಗವಿಕಲರಿಗೆ ಆದ್ಯತೆ ಇತ್ತು. ಬಸ್ ನಿಲ್ದಾಣದ ಹತ್ತಿರ ಎರಡೂ ಕಾಲು ಸ್ವಾಧೀನವಿಲ್ಲದ ಒಬ್ಬರು ಒಂದು ಬೂತು ಇಟ್ಟಿದ್ದರು. ರಾತ್ರಿ ದರ ಇಳಿಯುವ ಹೊತ್ತಿಗೆ ಮುಂದೆ ಸಾಲು ನಿಲ್ಲುತ್ತಿತ್ತು. ದೂರದ ಊರಲ್ಲಿದ್ದ ಮಕ್ಕಳ ಜೊತೆ ಮಾತಾಡಲು ಬಂದ ತಾಯಂದಿರು, ಹೊಗೆಸೊಪ್ಪಿನ ದರ ಕೇಳುವ ರೈತರು. ಅಷ್ಟು ಜನ ಆತನ ಮುಂದೆ ಕೈಕಟ್ಟಿ ಕಾದು ನಿಂತದ್ದನ್ನು ನೋಡುವುದೇ ಒಂದು ಸೊಗಸು. ಆ ದುಡಿಮೆಯಲ್ಲಿ ಆತ ತಂಗಿಯ ಮದುವೆ ಮಾಡಿದರು. ಮೊಬೈಲು ಬಂದು ಹತ್ತು ವರ್ಷದೊಳಗೆ ಬೂತುಗಳೆಲ್ಲ ಮುಚ್ಚಿದವು. ಯಂತ್ರ ಬದಲಾದಾಗ ಎಲ್ಲರಿಗೂ ಪೆಟ್ಟು ಬೀಳುತ್ತದೆ, ನಿಜ. ಆದರೆ ಬೇರೆಯವರು ಎದ್ದು ಇನ್ನೊಂದು ಕಡೆ ಹೋಗುತ್ತಾರೆ. ಒಂದೇ ಕೆಲಸ ತೋರಿಸಿ ಕೂರಿಸಿದವರು ಎಲ್ಲಿಗೆ ಹೋಗಬೇಕು? ಗೂಡಂಗಡಿ ಕೊಡುವ ಸರ್ಕಾರದ ‘ಆಧಾರ’ ಯೋಜನೆಯಲ್ಲಿ ಕೆಲವರಿಗೆ ಅಂಗಡಿ ಸಿಕ್ಕಿತು. ಬೀಡಿ, ಬಾಳೆಹಣ್ಣು, ರೀಚಾರ್ಜ್ ಕೂಪನ್ನು.

ನಮ್ಮ ಚಿಕ್ಕಪ್ಪನ ಮಗಳ ಹೆಸರಿನಲ್ಲೂ ಪಿರಿಯಾಪಟ್ಟಣದಲ್ಲಿ ಒಂದು ಬೂತು ಮಂಜೂರಾಗಿತ್ತು. ಅದರಲ್ಲಿ ಕೂತವನು ಅವಳ ಅಣ್ಣ. ಅವಳು ಬೂತನ್ನು ನೋಡಿದ್ದು ಎರಡೇ ಸಲ. ಪೂಜೆಯ ದಿನ ಒಮ್ಮೆ, ಅಧಿಕಾರಿಗಳು ತಪಾಸಣೆಗೆ ಬರುತ್ತಾರೆಂದು ಕರೆದುಕೊಂಡು ಹೋದಾಗ ಇನ್ನೊಮ್ಮೆ. ಈಗ ಅವಳ ವಿಷಯ ಬರೆಯದೆ ಗತಿಯಿಲ್ಲ.

ನನಗಿಂತ ಮೂರು ವರ್ಷ ಚಿಕ್ಕವಳು. ನನ್ನದು ಒಂದು ಕಾಲು, ಅವಳದು ಎರಡೂ. ಅಂಗೈ ಊರಿ ತೆವಳಿಕೊಂಡು ಮನೆ ತುಂಬ ಓಡಾಡುತ್ತಾಳೆ. ನಮ್ಮ ಕಡೆಯ ಬೆಳೆ ಯಾವುದೆಂದು ಹೇಳಬೇಕಿಲ್ಲವಲ್ಲ: ಹುಣಸೂರು, ಪಿರಿಯಾಪಟ್ಟಣ, ಕೋಟೆ, ಕೆ.ಆರ್. ನಗರದ ಒಂದು ಭಾಗ, ಎಲ್ಲ ಹೊಗೆಸೊಪ್ಪು. 1984ರಿಂದ ತಂಬಾಕು ಮಂಡಳಿಯ ಹರಾಜು ಶುರುವಾದ ಮೇಲೆ ಅದು ಇನ್ನೂ ಹಬ್ಬಿತು. ಗಿಡದ ಕೆಳಗಿನ ಎಲೆ ಹಣ್ಣಾಗುವ ಹೊತ್ತಿಗೆ ಮಳೆಗಾಲ. ಎಲೆ ಮುರಿದು ತಂದು ರಾಶಿ ಹಾಕುತ್ತಾರೆ. ಹೆಂಗಸರು ಕೂತು ಎರಡು ಮೂರು ಎಲೆ ಜೋಡಿಸಿ, ಕಡ್ಡಿಯ ಆ ಬದಿಗೊಮ್ಮೆ ಈ ಬದಿಗೊಮ್ಮೆ ದಾರದಿಂದ ಕಟ್ಟುತ್ತ ಹೋಗಬೇಕು. ಅದೇ ದಿನ ಬ್ಯಾರನ್ನಿಗೆ ಏರಿಸದಿದ್ದರೆ ಎಲೆ ಕೆಡುತ್ತದೆ. ಆದ್ದರಿಂದ ರಾತ್ರಿಯೂ ಕೆಲಸ. ಹಸಿ ಎಲೆಯ ಅಂಟು ಕೈಗೆ ಕರ್ರಗೆ ಮೆತ್ತಿಕೊಂಡು ಊಟ ಕಹಿಯಾಗುತ್ತದೆ, ಹೊಸಬರಿಗೆ ತಲೆಸುತ್ತು ವಾಂತಿ. ಆಮೇಲೆ ಬೆಂದ ಎಲೆಯನ್ನು ಬಣ್ಣ ನೋಡಿ ಬೇರೆ ಮಾಡುವುದು. ಎಲ್ಲವೂ ಕುಳಿತು ಮಾಡುವ ಕೆಲಸ. ನನ್ನ ತಂಗಿ ಎಂಟನೆಯ ವಯಸ್ಸಿಗೆ ಕಡ್ಡಿ ಹಿಡಿದವಳು. ಅವಳಷ್ಟು ಬೇಗ ಕಟ್ಟುವವರು ಊರಿನಲ್ಲಿಲ್ಲ. ಹೊರಗಿನಿಂದ ಬಂದ ಹೆಂಗಸರಿಗೆ ಕಡ್ಡಿಯ ಲೆಕ್ಕದಲ್ಲಿ ಕೂಲಿ. ಮನೆಮಗಳಾದ್ದರಿಂದ ಅವಳಿಗೆ ಊಟ, ಬಟ್ಟೆ. 2011ರ ಜನಗಣತಿಯ ಲೆಕ್ಕದಂತೆ ನಮ್ಮ ದೇಶದ ಅಂಗವಿಕಲ ಗಂಡಸರಲ್ಲಿ ನೂರಕ್ಕೆ 47 ಜನ ದುಡಿಯುವವರು, ಹೆಂಗಸರಲ್ಲಿ 23 ಜನ. ನನ್ನ ತಂಗಿ ಆ 23ರಲ್ಲಿ ಸೇರಿದ್ದಾಳೋ ಇಲ್ಲವೋ ಎಂದು ಕೇಳಿದಾಗ, ಗಣತಿಯವರಿಗೆ ಅಣ್ಣ ಏನು ಬರೆಸಿದ ಎಂದು ಅವಳಿಗೇ ಗೊತ್ತಿರಲಿಲ್ಲ. “ಸುಮ್ಕೆ ಮನೇಲವಳೆ ಅಂದಿರ್ತನೆ ಕನಕ್ಕ” ಎಂದಳು.

1985ರಲ್ಲಿ ಅವಳು ನನಗೆ ಒಂದು ಕಾಗದ ಬರೆಸಿದಳು. ಕೆ.ಆರ್. ನಗರದಲ್ಲಿ ನಿನ್ನ ಜೊತೆ ಇರುತ್ತೇನೆ, ಹೊಲಿಗೆ ಕಲಿಯುತ್ತೇನೆ, ಅಡುಗೆಯನ್ನೂ ಮಾಡಿಹಾಕುತ್ತೇನೆ ಎಂದು. ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ನಾನೇ ಉತ್ತರ ಹೇಳಿದೆ: “ಕಾಲಿಲ್ಲದೆ ಮಿಷನ್ ತುಳಿಯೋದು ಹೇಗೆ? ಇಲ್ಲೇ ಕುಳಿತು ಮಾಡೋ ಕೆಲಸ ಇದೆಯಲ್ಲ, ಸುಮ್ಮನೆ ಯಾಕೆ ಕಷ್ಟಪಡ್ತೀ?” ಕೈಯಲ್ಲಿ ತಿರುಗಿಸುವ ಮಿಷನ್ ಒಂದಿದೆ ಎಂಬುದು ನನಗೆ ಗೊತ್ತಿತ್ತು. ನಾನಿದ್ದ ಬಾಡಿಗೆ ಮನೆಯ ಪಕ್ಕದ ದರ್ಜಿ ಅಂಗಡಿಯಲ್ಲೇ ದಿನಾ ನೋಡುತ್ತಿದ್ದೆ. ನಿಜವಾದ ಕಾರಣ ನಾಚಿಕೆ. ಒಬ್ಬಳು ಕುಂಟುತ್ತ ಬೀದಿಯಲ್ಲಿ ನಡೆದರೆ ಜನ ದಾರಿ ಬಿಡುತ್ತಾರೆ. ಜೊತೆಗೆ ಇನ್ನೊಬ್ಬಳು ತೆವಳುತ್ತ ಬಂದರೆ ನಿಂತು ನೋಡುತ್ತಾರೆ. ಮೂರು ವರ್ಷ ಕಷ್ಟಪಟ್ಟು ಆ ಊರಿನಲ್ಲಿ ‘ಆಫೀಸಿನ ಮೇಡಂ’ ಎನ್ನಿಸಿಕೊಂಡಿದ್ದೆ. ಅದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಅವಳು ವಾದ ಮಾಡಲಿಲ್ಲ. ಕಡ್ಡಿ ತೆಗೆದುಕೊಂಡು ಕಟ್ಟತೊಡಗಿದಳು.

ಆಮೇಲಾಮೇಲೆ ದಾರಿಗಳು ಹೆಚ್ಚಿದವು. ಮೈಸೂರಿನಲ್ಲಿ ಜೆ.ಎಸ್.ಎಸ್. ಸಂಸ್ಥೆಯವರು 1991ರಲ್ಲಿ ಅಂಗವಿಕಲರಿಗೆಂದೇ ಪಾಲಿಟೆಕ್ನಿಕ್ ತೆರೆದರು. ಕಂಪ್ಯೂಟರ್, ಆಭರಣ ವಿನ್ಯಾಸ, ಕಟ್ಟಡದ ನಕ್ಷೆ ಎಂದು ನಾನಾ ಡಿಪ್ಲೊಮಾಗಳು. ಬೆಂಗಳೂರಿನಲ್ಲಿ ಎನ್.ಎಸ್. ಹೇಮಾ ಅವರು ತಾವೇ ಪೋಲಿಯೊ ಆಗಿ ಗಾಲಿಕುರ್ಚಿಯಲ್ಲಿದ್ದವರು, 1959ರಲ್ಲೇ ಅಂಗವಿಕಲರ ಸಂಸ್ಥೆ ಶುರುಮಾಡಿ ತರಬೇತಿ ಕೊಡಿಸಿದ್ದರು. ಮಾಲತಿ ಹೊಳ್ಳ ಅವರ ಹೆಸರನ್ನಂತೂ ನನ್ನ ಮುಂದೆ ಹೇಳದವರಿಲ್ಲ. 1995ರಲ್ಲಿ ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ. “ಅವರನ್ನು ನೋಡಿ ಕಲಿಯಿರಿ” ಎಂದು ನಮ್ಮ ಕಚೇರಿಯಲ್ಲಿ ಒಬ್ಬರು ಪೇಪರಿನ ಚಿತ್ರ ಕತ್ತರಿಸಿ ತಂದುಕೊಟ್ಟಿದ್ದರು. ಪದಕಗಳು ಎಲ್ಲರಿಗೂ ಕಾಣುತ್ತವೆ. ಅವರು ಸಿಂಡಿಕೇಟ್ ಬ್ಯಾಂಕಿನಲ್ಲಿ ನೌಕರಿ ಮಾಡಿದವರು ಎಂಬುದನ್ನು ಯಾರೂ ಕತ್ತರಿಸಿ ತರಲಿಲ್ಲ. ನನಗೆ ಬೇಕಿದ್ದದ್ದು ಆ ಸುದ್ದಿ. ಇಪ್ಪತ್ತೆರಡು ಮೆಟ್ಟಿಲು ಹತ್ತಿ ಬಂದವಳಿಗೆ ಈಟಿ ಎಸೆಯುವ ಆಸೆ ಇರಲಿಲ್ಲ.

ಹೆಸರುಗಳೂ ಬದಲಾದವು. ಕುಂಟಿ ಎಂದರು, ಅಂಗವಿಕಲೆ ಎಂದರು, ವಿಕಲಚೇತನೆ ಎಂದರು, ಈಗ ದಿವ್ಯಾಂಗ ಎನ್ನುತ್ತಾರೆ. ಚೇತನ ವಿಕಲವಾಗಿದೆ ಎಂದದ್ದು ಯಾಕೆಂದು ನನಗೆ ಇನ್ನೂ ತಿಳಿದಿಲ್ಲ. ಆದರೆ 2007-08ರಿಂದ ಗ್ರಾಮ ಪಂಚಾಯಿತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಬಂದರಲ್ಲ, ಅದು ಬರಿಯ ಹೆಸರಲ್ಲ. ಆ ಕೆಲಸಕ್ಕೆ ತೆಗೆದುಕೊಳ್ಳುವುದು ಅಂಗವಿಕಲರನ್ನೇ. ಸಂಬಳವಲ್ಲ, ಗೌರವಧನ. ಅದೂ ತಡವಾಗಿ ಬರುತ್ತದೆಂದು ಗೊಣಗುತ್ತಾರೆ, ಗೊಣಗಬೇಕಾದ್ದೇ. ಕೋಟೆ ತಾಲ್ಲೂಕಿನಲ್ಲಿ ಅಂಥ ಒಬ್ಬ ಹುಡುಗಿಯನ್ನು ಕಂಡೆ. ಪಕ್ಕಕ್ಕೆ ಎರಡು ಗಾಲಿ ಕೂಡಿಸಿದ ಸ್ಕೂಟರಿನಲ್ಲಿ, ಕಾಡಂಚಿನ ಹಾಡಿಗಳಿಗೆ ಹೋಗಿ, ಯಾರಿಗೆ ಪಿಂಚಣಿ ಬಂದಿಲ್ಲ, ಯಾರಿಗೆ ಬಸ್ ಪಾಸಿಲ್ಲ ಎಂದು ಬರೆದುಕೊಂಡು ಬರುತ್ತಿದ್ದಳು. ಉದ್ಯೋಗ ಖಾತ್ರಿಯಲ್ಲಿ ನಮಗೆ ಅರ್ಧ ಕೆಲಸ ಮಾಡಿದರೂ ಪೂರ್ತಿ ಕೂಲಿ ಉಂಟು ಎಂದು ಊರಿನವರ ಜೊತೆ ಜಗಳವಾಡುತ್ತಿದ್ದಳು. ಅಷ್ಟು ಗಟ್ಟಿ ಗಂಟಲಿನಲ್ಲಿ ಜಗಳವಾಡುವ ನಮ್ಮವಳೊಬ್ಬಳನ್ನು ನಾನು ಅದುವರೆಗೆ ನೋಡಿರಲಿಲ್ಲ. ನಿಂತು, ನಡೆದು, ಕೂಗಿ ಮಾಡುವ ಕೆಲಸ ಅದು.

ನಮ್ಮ ಪಂಚಾಯಿತಿಯ ಕಾರ್ಯಕರ್ತನೇ ನನ್ನ ತಂಗಿಯಿಂದ ಅರ್ಜಿ ಹಾಕಿಸಿ, ಇಲಾಖೆಯಿಂದ ಕರೆಂಟಿನಲ್ಲಿ ನಡೆಯುವ ಹೊಲಿಗೆ ಮಿಷನ್ ಕೊಡಿಸಿದ. ಅದು ಅವಳ ಮನೆಗೆ ಬಂದಾಗ ಅವಳಿಗೆ ಐವತ್ತು ದಾಟಿತ್ತು. ತುಳಿಯುವುದನ್ನು ಬಿಚ್ಚಿ ಮೇಲೆ ಹಲಗೆಯ ಮೇಲಿಟ್ಟು, ಮೊಣಕೈಯಿಂದ ಒತ್ತುವಂತೆ ಮಾಡಿಕೊಂಡಿದ್ದಾಳೆ. ಯಾರು ಕಲಿಸಿದರು ಎಂದರೆ ನೆರೆಮನೆಯ ಸೊಸೆ. ಮೊದಲು ದಿಂಬಿನ ಚೀಲ, ಆಮೇಲೆ ಲಂಗ, ಈಗ ರವಿಕೆ. ಕರೆಂಟು ಇರುವ ಹೊತ್ತು ನೋಡಿಕೊಂಡು ಬೆಳಗಿನ ಜಾವ ನಾಲ್ಕಕ್ಕೇ ಏಳುತ್ತಾಳೆ. ಹೊಗೆಸೊಪ್ಪಿನ ಕಾಲದಲ್ಲಿ ಮಾತ್ರ ಮಿಷನ್ನಿಗೆ ಬಟ್ಟೆ ಹೊದಿಸಿ ಕಡ್ಡಿ ಹಿಡಿಯುತ್ತಾಳೆ. ಆದರೆ ಅಣ್ಣನ ಹೊಲದ್ದಲ್ಲ, ಪಕ್ಕದ ಬೀದಿಯವರದ್ದು. ಕಡ್ಡಿಯ ಲೆಕ್ಕಕ್ಕೆ ಕೂಲಿ ತೆಗೆದುಕೊಂಡು. ಅಣ್ಣನಿಗೂ ಅವಳಿಗೂ ಆ ವಿಷಯದಲ್ಲಿ ಎರಡು ವರ್ಷ ಮಾತಿರಲಿಲ್ಲ.

ಹೋದ ಆಗಸ್ಟಿನಲ್ಲಿ ಊರಿಗೆ ಹೋಗಿದ್ದೆ. 1985ರ ಕಾಗದದ ಮಾತು ಎತ್ತಬೇಕೆಂದೇ ಹೋದವಳು. ಜಗುಲಿಯ ಮೇಲೆ ಇಬ್ಬರೂ ಕೂತಿದ್ದೆವು. ಅವಳ ಕೈ ಕರ್ರಗಿತ್ತು. “ನಾನು ಅವತ್ತು ಬೇಡ ಅಂದೆನಲ್ಲ...” ಎಂದು ಶುರುಮಾಡಿದೆ. “ಗೊತ್ತು ಬುಡಕ್ಕ” ಎಂದಳು. ಏನು ಗೊತ್ತು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಮಾತು ತಿರುಗಿಸಿ, ಹೊಲಿಗೆ, ಸೊಪ್ಪು ಕಟ್ಟೋದು, ಎರಡರಲ್ಲಿ ನಿನಗೆ ಯಾವುದು ಇಷ್ಟ ಎಂದು ಕೇಳಿದೆ. ಅರವತ್ತು ದಾಟಿದವಳನ್ನು ಆ ಪ್ರಶ್ನೆ ಕೇಳಿದವರು ನಾನೇ ಮೊದಲಿರಬೇಕು. ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. “ದುಡ್ಡು ಬರೋದು ಇಷ್ಟ” ಎಂದು ನಕ್ಕು, ಇನ್ನೊಂದು ಕಡ್ಡಿ ಎಳೆದುಕೊಂಡಳು. ಹೊರಡುವಾಗ ನಾನು ಕೊಟ್ಟಿದ್ದ ಎರಡು ರವಿಕೆ ತಂದಿಟ್ಟಳು. ಒಂದರ ತೋಳು ಸ್ವಲ್ಪ ಬಿಗಿಯಾಗಿದೆ. ಎರಡಕ್ಕೂ ಪೂರ್ತಿ ಮಜೂರಿ ಎಣಿಸಿ ತೆಗೆದುಕೊಂಡಳು.